ಕಾಳು ಕಡಿಯುವ ಹಲ್ಲು, ಸಹಿ ಹಾಕುವ ಕೈ

ಜನವರಿ ತಿಂಗಳ ಮುಂಜಾನೆ ಕಲಬುರಗಿಯ ಧಾನ್ಯಪೇಟೆ ನೆಹರೂ ಗಂಜ್‌ಗೆ ಹೋದರೆ ಕಾಲಿಡಲು ಜಾಗ ಸಿಗುವುದಿಲ್ಲ. ತೊಗರಿ ಸುಗ್ಗಿ. ಅಡತಿ ಅಂಗಡಿಗಳ ಮುಂದೆ ಚೀಲಗಳ ಸಾಲು, ಹಮಾಲರ ಕೂಗು, ದಾರಿ ಬಿಡದ ಟಂಟಂಗಳು. ಖರೀದಿಗೆ ಬಂದವರೊಬ್ಬರು ಬಾಯಿ ಬಿಚ್ಚಿದ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ ತಳದ ಕಾಳು ಹಿಡಿದೆತ್ತುತ್ತಾರೆ. ಅಂಗೈ ಮೇಲೆ ಹರವಿ ಒಮ್ಮೆ ಊದುತ್ತಾರೆ, ಹೊಟ್ಟು ಹಾರುತ್ತದೆ. ನಾಲ್ಕು ಕಾಳು ಬೆರಳ ತುದಿಯಲ್ಲಿ ಹೊರಳಾಡಿಸಿ, ಒಂದನ್ನು ಬಾಯಿಗೆ ಹಾಕಿ ಕಡಿಯುತ್ತಾರೆ. ‘ಕಟ್’ ಎಂದು ಒಡೆದರೆ ಮಾಲು ಒಣಗಿದೆ. ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೂ ಹಸಿ ಇದೆ. ಏನೂ ಮಾತಾಡದೆ ಮುಂದಿನ ಚೀಲಕ್ಕೆ ಹೋಗುತ್ತಾರೆ. ದರ ಹಾಕುವುದು ಮಾತ್ರ ಕಂಪ್ಯೂಟರ್‌ನಲ್ಲಿ. ಕರ್ನಾಟಕದ ಎಪಿಎಂಸಿಗಳಿಗೆ 2014ರಿಂದೀಚೆಗೆ ಆನ್‌ಲೈನ್ ಟೆಂಡರ್ ಬಂತು. ಹರಾಜಿನ ಕೂಗು ಅಡಗಿತು, ಕಾಳು ಕಡಿಯುವುದು ನಿಲ್ಲಲಿಲ್ಲ.

ಇದೇ ತೊಗರಿ ನಾಲ್ಕು ದಿನ ಬಿಟ್ಟು ದಾಲ್‌ಮಿಲ್ ಸೇರುತ್ತದೆ. ಅಲ್ಲಿ ಬೇಳೆಯಾದ ಮೇಲೆ ಸಾರ್ಟೆಕ್ಸ್ ಯಂತ್ರದೊಳಗೆ ಇಳಿಯುತ್ತದೆ. ಮೇಲಿಂದ ಜಾರಿ ಬೀಳುವ ಒಂದೊಂದು ಬೇಳೆಯನ್ನೂ ಕ್ಯಾಮೆರಾ ನೋಡುತ್ತದೆ. ಕಪ್ಪು ಬಿದ್ದದ್ದು, ಬಣ್ಣ ಕೆಟ್ಟದ್ದು ಕಂಡರೆ ಪಕ್ಕದಿಂದ ಗಾಳಿ ಬಡಿದು ಅದೊಂದನ್ನೇ ಬೇರೆ ಕಡೆ ಹಾರಿಸುತ್ತದೆ. ನಾವು ಚಿಕ್ಕವರಿದ್ದಾಗ ಈ ಕೆಲಸಕ್ಕೆ ಮಿಲ್ಲಿನ ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಬೇಳೆ ಹಸನು ಮಾಡುತ್ತಿದ್ದರು. ಈಗ ಆ ಸಾಲು ಇಲ್ಲ.

ಬೇಳೆ ಹಸನು ಮಾಡುವವರದೂ ಕಣ್ಣು-ಕೈಗಳ ಕೆಲಸ, ಕಾಳು ಕಡಿಯುವವರದೂ ಕಣ್ಣು-ಕೈಗಳ ಕೆಲಸ. ಒಂದು ಹೋಯಿತು, ಇನ್ನೊಂದು ಉಳಿಯಿತು. ಯಂತ್ರದ ಕಣ್ಣು ಮನುಷ್ಯನ ಕಣ್ಣಿಗಿಂತ ಚುರುಕು ಎಂದಾದ ಮೇಲೂ ಯಾಕೆ ಹೀಗೆ?

ನಾನು ಗಂಜ್‌ನ ಅಂಗಡಿ, ಮಿಲ್ಲುಗಳ ಲೆಕ್ಕ ಬರೆದು ತೆರಿಗೆ ರಿಟರ್ನ್ ಹಾಕಿಕೊಡುವ ಸಣ್ಣ ಕಚೇರಿ ನಡೆಸುವವನು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೇ ನಮ್ಮ ಅರ್ಧ ಕೆಲಸ ಪರದೆಗೆ ಹೋಗಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಉಳಿದರ್ಧಕ್ಕೂ ಯಂತ್ರ ಕೈ ಹಾಕಿದೆ. ಹಾಗಾಗಿ ಈ ಪ್ರಶ್ನೆ ನನಗೆ ಓದಿನ ಚಪಲಕ್ಕೆ ಹುಟ್ಟಿದ್ದಲ್ಲ, ಹೊಟ್ಟೆಪಾಡಿಗೆ ಹುಟ್ಟಿದ್ದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 2013ರಲ್ಲಿ ಆಕ್ಸ್‌ಫರ್ಡ್‌ನ ಕಾರ್ಲ್ ಫ್ರೇ ಮತ್ತು ಮೈಕಲ್ ಆಸ್‌ಬೋರ್ನ್ ಅಮೆರಿಕದ ಉದ್ಯೋಗಗಳಲ್ಲಿ ಶೇ 47ರಷ್ಟು ಯಂತ್ರದ ಪಾಲಾಗುವ ಅಪಾಯದಲ್ಲಿವೆ ಎಂದರು. ಜಗತ್ತೆಲ್ಲ ಆ ಅಂಕಿ ಸುತ್ತಿತು. ಮೂರು ವರ್ಷದ ಮೇಲೆ, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಗಾಗಿ ನಡೆದ ಇನ್ನೊಂದು ಅಧ್ಯಯನ ಅದನ್ನು ಶೇ 9 ಎಂದಿತು. ಯಂತ್ರಗಳೇನೂ ಆ ಮೂರು ವರ್ಷದಲ್ಲಿ ದಡ್ಡವಾಗಿರಲಿಲ್ಲ. ಮೊದಲಿನವರು ‘ಗುಮಾಸ್ತ’ ಎಂಬ ಇಡೀ ಉದ್ಯೋಗವನ್ನು ಒಂದೇ ಗಂಟಾಗಿ ತೂಗಿದ್ದರು. ಎರಡನೆಯವರು ಗಂಟು ಬಿಚ್ಚಿ, ಒಬ್ಬ ಗುಮಾಸ್ತ ದಿನವಿಡೀ ಏನೇನು ಮಾಡುತ್ತಾನೆ ಎಂದು ಬೇರೆ ಬೇರೆಯಾಗಿ ನೋಡಿದರು. ಅವನು ಬರೀ ಬರೆಯುವುದಿಲ್ಲ. ಸಿಟ್ಟಾಗಿ ಬಂದವರನ್ನು ಸಮಾಧಾನ ಮಾಡುತ್ತಾನೆ, ಕಳೆದ ಫೈಲು ಎಲ್ಲಿರಬಹುದು ಎಂದು ಊಹಿಸುತ್ತಾನೆ, ಸಾಹೇಬರ ಮುಖ ನೋಡಿ ಇವತ್ತು ಈ ಕಾಗದ ಮುಂದಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಯಂತ್ರ ತಿನ್ನುವುದು ಕೆಲಸದ ತುಣುಕುಗಳನ್ನು. ಇಡೀ ಉದ್ಯೋಗ ಒಂದೇ ತುತ್ತಾಗಿ ಹೋಗುವುದು ಅಪರೂಪ.

ಮಿಲ್ಲಿನ ಹೆಣ್ಣುಮಕ್ಕಳ ದುರದೃಷ್ಟ ಏನೆಂದರೆ ಅವರಿಗೆ ಕೊಟ್ಟಿದ್ದೇ ಒಂದು ತುಣುಕು. ಒಳ್ಳೆಯ ಬೇಳೆ ಯಾವುದು, ಕೆಟ್ಟದ್ದು ಯಾವುದು. ಅದಕ್ಕೊಂದು ಸ್ಪಷ್ಟ ಉತ್ತರವಿದೆ, ದಿನಕ್ಕೆ ಲಕ್ಷ ಸಲ ಅದೇ ಉತ್ತರ. ಖರೀದಿದಾರರ ಕೈಯಲ್ಲಿರುವುದು ಒಂದು ಕಂತೆ. ಹಸಿ ಎಷ್ಟಿದೆ, ಚೀಲದ ಮೇಲಿನ ಕಾಳಿಗೂ ತಳದ ಕಾಳಿಗೂ ತಾಳೆ ಇದೆಯೇ, ಈ ಬಣ್ಣದ ಬೇಳೆಗೆ ಹೊರಗಿನ ಪೇಟೆಯಲ್ಲಿ ಈ ವಾರ ಗಿರಾಕಿ ಇದ್ದಾರೆಯೇ, ಈ ಅಡತಿಯವರು ಮಾತು ಉಳಿಸಿಕೊಳ್ಳುವವರೇ, ನಾಳೆ ದರ ಇಳಿದರೆ ತನ್ನ ಗತಿ ಏನು. ತೇವಾಂಶ ಅಳೆಯುವ ಯಂತ್ರ ಎಂದೋ ಬಂದಿದೆ, ಅದು ಆ ಕಂತೆಯಿಂದ ಒಂದು ಕಡ್ಡಿ ತೆಗೆದಿದೆ. ಉಳಿದದ್ದನ್ನೆಲ್ಲ ಒಂದೇ ಕ್ಷಣದಲ್ಲಿ ಕೂಡಿಸಿ, ತನ್ನ ಗಂಟಿನ ದುಡ್ಡು ಪಣಕ್ಕಿಟ್ಟು ಒಂದು ಅಂಕಿ ಬರೆಯುವುದು ಅವರ ಪಾಲಿಗೇ ಉಳಿದಿದೆ. ಒಬ್ಬ ಹಿರಿಯ ಖರೀದಿದಾರರನ್ನು, “ಕಡದಾಗ ಏನ್ ಗೊತ್ತಾಗತದ್ರಿ ಖರೇನ?” ಎಂದು ಕೇಳಿದೆ. “ಕಡದ ಮ್ಯಾಲ ಗೊತ್ತಾಗತದ್ರಿ” ಎಂದರು. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಅವರಿಂದ ಆಗಲಿಲ್ಲ.

ಈ ‘ಹೇಳಲು ಆಗದಿರುವುದು’ ಚಿಕ್ಕ ಸಂಗತಿ ಅಲ್ಲ. ಹಂಗೇರಿಯಲ್ಲಿ ಹುಟ್ಟಿದ ಚಿಂತಕ ಮೈಕಲ್ ಪೊಲಾನಿ 1966ರಲ್ಲಿ ಇದನ್ನೇ ಒಂದು ಸಾಲಿನಲ್ಲಿ ಹೇಳಿದ: ನಾವು ಹೇಳಬಲ್ಲದ್ದಕ್ಕಿಂತ ಹೆಚ್ಚು ನಮಗೆ ಗೊತ್ತಿರುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಪುರಾವೆ ದಿನಾ ಬಡಿಯುತ್ತಿರುತ್ತದೆ. ಜೋಳದ ರೊಟ್ಟಿಗೆ ಎಷ್ಟು ನೀರು ಹಾಕಬೇಕು ಎಂದು ಅವ್ವನನ್ನು ಕೇಳಿ ನೋಡಿ. “ಹಿಟ್ಟ ಕೇಳದಷ್ಟ” ಎನ್ನುತ್ತಾಳೆ. ಹೊಸ ಜೋಳವೋ ಹಳೆಯದೋ, ನಿನ್ನೆ ಬೀಸಿದ್ದೋ ವಾರದ ಹಿಂದೆ ಬೀಸಿದ್ದೋ, ನೀರು ಎಷ್ಟು ಕುದಿದಿದೆ, ಎಲ್ಲವನ್ನೂ ಅವಳ ಅಂಗೈ ಅಳೆದಿರುತ್ತದೆ. ಅಳತೆ ಬಾಯಿಗೆ ಬರುವುದಿಲ್ಲ.

ಹಳೆಯ ಕಂಪ್ಯೂಟರ್‌ಗಳಿಗೆ ಇದು ದೊಡ್ಡ ಗೋಡೆ. ಅವಕ್ಕೆ ಪ್ರತಿ ಹೆಜ್ಜೆಯನ್ನೂ ನಿಯಮವಾಗಿ ಬರೆದುಕೊಡಬೇಕಿತ್ತು. ಹೇಳಲು ಬಾರದ್ದನ್ನು ಬರೆಯುವುದು ಹೇಗೆ? ಈಗಿನ ಯಂತ್ರಗಳು ಆ ಗೋಡೆಗೆ ಕನ್ನ ಹಾಕಿವೆ ಎಂಬುದನ್ನು ಒಪ್ಪಬೇಕು. ಅವಕ್ಕೆ ನಿಯಮ ಬೇಡ, ಉದಾಹರಣೆ ಸಾಕು. ಲಕ್ಷಾಂತರ ಬೆಕ್ಕಿನ ಚಿತ್ರ ತೋರಿಸಿದರೆ ಬೆಕ್ಕನ್ನು ಗುರುತಿಸುತ್ತವೆ, ಕೋಟ್ಯಂತರ ಪುಟ ಓದಿಸಿದರೆ ಪತ್ರ ಬರೆಯುತ್ತವೆ. ಆದರೆ ಉದಾಹರಣೆ ಎಲ್ಲಾದರೂ ದಾಖಲಾಗಿರಬೇಕು. ಫೋಟೊ, ಬರಹ, ಧ್ವನಿ, ಅಂಕಿ, ಯಾವುದೋ ರೂಪದಲ್ಲಿ. ಗಂಜ್‌ನ ಆ ಹಿರಿಯರು ಇಷ್ಟು ವರ್ಷ ಕಡಿದ ಕಾಳುಗಳ ದಾಖಲೆ ಅವರ ದವಡೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಯಂತ್ರ ಯಾವ ಕೆಲಸಕ್ಕೆ ಬೇಗ ಬರುತ್ತದೆ ಎಂದು ತಿಳಿಯಬೇಕೆಂದರೆ ಆ ಕೆಲಸ ಎಷ್ಟು ಕಷ್ಟದ್ದು ಎಂದು ನೋಡಿದರೆ ಸಾಲದು. ಆ ಕೆಲಸದ ಎಷ್ಟು ಭಾಗ ಈಗಾಗಲೇ ಪರದೆಯ ಮೇಲೆ ನಡೆಯುತ್ತಿದೆ ಎಂದು ನೋಡಬೇಕು. ನನ್ನಂಥ ಲೆಕ್ಕದವನ ಕೆಲಸ ಬಹುಪಾಲು ಪರದೆಯ ಮೇಲಿದೆ. ನಮ್ಮ ಕಚೇರಿಯ ಕೆಟ್ಟ ನಲ್ಲಿ ರಿಪೇರಿ ಮಾಡಲು ಬರುವ ಪ್ಲಂಬರ್‌ನದು ಇಲ್ಲ. ಅವನು ನನಗಿಂತ ಸುರಕ್ಷಿತ.

ಇದು ತಲೆಕೆಳಗಾಗಿ ಕಾಣಬಹುದು. ರೋಬೋಟ್ ಶಾಸ್ತ್ರದ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಇದನ್ನು ಗುರುತಿಸಿದ್ದ. ದೊಡ್ಡವರ ಬುದ್ಧಿ ಪರೀಕ್ಷೆಗಳಲ್ಲಿ ಕಂಪ್ಯೂಟರನ್ನು ಪಾಸು ಮಾಡಿಸುವುದು ಸುಲಭ, ಒಂದು ವರ್ಷದ ಕೂಸಿನಂತೆ ನೋಡಿ, ನಡೆದು, ಹಿಡಿಯುವುದನ್ನು ಕಲಿಸುವುದು ಕಷ್ಟ. ನಡೆಯುವುದು, ಹಿಡಿಯುವುದು ನಮಗೆ ಸುಲಭ ಅನಿಸುವುದು ಜೀವಕೋಟಿ ಅದನ್ನು ಕೋಟ್ಯಂತರ ವರ್ಷ ತಿದ್ದಿ ತೀಡಿ ನಮಗೆ ಬಳುವಳಿ ಕೊಟ್ಟಿರುವುದರಿಂದ. ಲೆಕ್ಕ ಕಲಿತು ನಮಗೆ ಕೆಲವೇ ಸಾವಿರ ವರ್ಷ. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ಕ್ಯಾಸ್ಪರೋವ್‌ನನ್ನು ಸೋಲಿಸಿತಲ್ಲ, ಅವತ್ತಿನ ಫೋಟೊಗಳನ್ನು ಸರಿಯಾಗಿ ನೋಡಿ. ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ. ಜಗತ್ತಿನ ಚಾಂಪಿಯನ್‌ನನ್ನು ಮಣಿಸಿದ ಯಂತ್ರದ ಪರವಾಗಿ ಕಾಯಿ ಎತ್ತಿಡಲು ಒಂದು ಕೈ ಬೇಕಾಗಿತ್ತು.

ಕೈಯ ಮಾತು ಬಂದಾಗ ಬೀದರಿಗೆ ಹೋಗದೆ ಇರಲಾಗದು. ಬಿದರಿ ಪಾತ್ರೆಯ ಕೆಲಸ ಹೀಗೆ: ಹದಿನಾರು ಪಾಲು ಸತುವಿಗೆ ಒಂದು ಪಾಲಿನಷ್ಟು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಚೂಪಾದ ಮೊನೆಯಿಂದ ಬಳ್ಳಿ, ಹೂವು ಗೀಚಿ, ಚಿಕ್ಕ ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಯದು ಮಣ್ಣು. ಬೀದರ್ ಕೋಟೆಯೊಳಗಿನ, ಬಿಸಿಲು ಮಳೆ ತಾಗದೆ ಬಹಳ ಕಾಲ ಬಿದ್ದಿರುವ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಬೆರೆಸಿ, ಬಿಸಿ ಮಾಡಿ, ಪಾತ್ರೆಗೆ ಹಚ್ಚುತ್ತಾರೆ. ಸತು-ತಾಮ್ರದ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿಗೆ ಮಾತ್ರ ಕಪ್ಪು ಹತ್ತುವುದಿಲ್ಲ. ಈ ಮಣ್ಣು ಆಗುತ್ತದೋ ಇಲ್ಲವೋ ಎಂದು ತಿಳಿಯಲು ಕೆಲಸಗಾರರು ಚಿಟಿಕೆ ಮಣ್ಣನ್ನು ನಾಲಿಗೆಗೆ ಇಟ್ಟು ನೋಡುತ್ತಾರೆ. ಗಂಜ್‌ನಲ್ಲಿ ಹಲ್ಲು, ಬೀದರಿನಲ್ಲಿ ನಾಲಿಗೆ.

ಕಂಪ್ಯೂಟರ್ ಕೊರೆಯುವ ಯಂತ್ರ ಬಳ್ಳಿಯ ಗೀರನ್ನು ತಪ್ಪಿಲ್ಲದೆ ಕೊರೆದೀತು. ಆ ನಾಲಿಗೆಗೆ ಬದಲಿ ಹುಡುಕುವುದು ಸುಲಭವಲ್ಲ. ಆದರೆ ಇಲ್ಲಿ ಒಂದು ಸಿಹಿಯಲ್ಲದ ಮಾತನ್ನೂ ಹೇಳಬೇಕು, ಏಕೆಂದರೆ ‘ಮನುಷ್ಯನ ಕೌಶಲಕ್ಕೆ ಸಾವಿಲ್ಲ’ ಎಂಬ ಭಾಷಣಗಳಲ್ಲಿ ಇದನ್ನು ನುಂಗಿಬಿಡುತ್ತಾರೆ. ಯಂತ್ರಕ್ಕೆ ಬಾರದ ಕೆಲಸ ಎಂಬುದೂ, ಹೊಟ್ಟೆ ತುಂಬಿಸುವ ಕೆಲಸ ಎಂಬುದೂ ಬೇರೆ ಬೇರೆ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು, ಬೀದರಿನ ಕಲಾವಿದ ಶಾಹ್ ರಶೀದ್ ಅಹ್ಮದ್ ಕಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಷ್ಟಾದರೂ ಬಿದರಿ ಓಣಿಯ ಹುಡುಗರು ಹೈದರಾಬಾದಿನಲ್ಲಿ ಡೆಲಿವರಿ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅವರ ಕೌಶಲವನ್ನು ಯಂತ್ರ ಕಿತ್ತುಕೊಳ್ಳಲಿಲ್ಲ. ಕೊಳ್ಳುವವರು ಬೇರೆ ಕಡೆ ತಿರುಗಿದರು, ಅಷ್ಟೇ. ಹಾಗೆಯೇ ನಮ್ಮ ಭಾಗದಲ್ಲಿ ಇನ್ನೂ ಕೈಯಲ್ಲೇ ನಡೆಯುವ ಎಷ್ಟೋ ಕೆಲಸಗಳಿಗೆ, ಚೀಲ ಹೊರುವುದರಿಂದ ಹಿಡಿದು ಶಹಾಬಾದಿನ ಕಲ್ಲು ಗಣಿಯ ಕೆಲಸದವರೆಗೆ, ಕಾರಣ ಕೌಶಲ ಒಂದೇ ಅಲ್ಲ. ಕೂಲಿ ಅಗ್ಗ. ಯಂತ್ರ ತರುವುದಕ್ಕಿಂತ ಮನುಷ್ಯನ ಬೆನ್ನು ಕಡಿಮೆಗೆ ಸಿಗುತ್ತದೆ. ಅದನ್ನು ‘ಯಂತ್ರ ಗೆಲ್ಲಲಾಗದ ಮಾನವ ಶಕ್ತಿ’ ಎಂದು ಕರೆಯುವುದು ನನಗೆ ನಾಚಿಕೆಯ ಮಾತಾಗಿ ಕಾಣುತ್ತದೆ.

ಈಗ ನನ್ನ ಮೇಜಿಗೆ ಬರುತ್ತೇನೆ.

ಕಳೆದ ವರ್ಷ ಒಂದು ರಾತ್ರಿ ಹನ್ನೊಂದಕ್ಕೆ ತೆರಿಗೆ ನೋಟಿಸ್‌ಗೆ ಉತ್ತರ ಬರೆಯುತ್ತಾ ಕೂತಿದ್ದೆ. ಮರುದಿನ ಕೊನೆಯ ದಿನ. ಸರಕು ಕೊಟ್ಟವನು ತೆರಿಗೆ ಕಟ್ಟಿಲ್ಲವೆಂದು ನಮ್ಮ ಗಿರಾಕಿ ಪಡೆದ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ವಜಾ, ವಾಪಸು ಕೇಳಿದ್ದರು. ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ವಿಷಯ ಹೇಳಿದೆ. ಅರ್ಧ ನಿಮಿಷದಲ್ಲಿ ಎರಡು ಪುಟ ಬಂತು. ಭಾಷೆ ಎಂಥದು ಅಂತೀರಿ, ನಮ್ಮ ಗುರುಗಳಿಗೂ ಅಷ್ಟು ಚೆಂದ ಬರೆಯಲು ಬರುತ್ತಿರಲಿಲ್ಲ. ನಡುವೆ ಹೈಕೋರ್ಟಿನ ತೀರ್ಪೊಂದರ ಉಲ್ಲೇಖ, ಸಂಖ್ಯೆ, ತಾರೀಖು ಸಮೇತ. ಇನ್ನೇನು ಅಪ್‌ಲೋಡ್ ಮಾಡಬೇಕು, ತಾರೀಖಿನ ಮೇಲೆ ಕಣ್ಣು ನಿಂತಿತು. ಅದು ನಮ್ಮ ಅಕ್ಕನ ಮಗಳ ಲಗ್ನದ ದಿನ. ಭಾನುವಾರ. ಭಾನುವಾರ ಯಾವ ಕೋರ್ಟು ತೀರ್ಪು ಕೊಟ್ಟಿತು? ಹುಡುಕಿದೆ. ಆ ಸಂಖ್ಯೆಯ ಪ್ರಕರಣ ಇತ್ತು, ಆದರೆ ಅದು ಯಾರದೋ ಜಮೀನಿನ ತಕರಾರು. ತೆರಿಗೆಗೂ ಅದಕ್ಕೂ ಸಂಬಂಧವೇ ಇಲ್ಲ.

ಯಂತ್ರ ಸುಳ್ಳು ಹೇಳಿತು ಎನ್ನಲಾರೆ. ಸುಳ್ಳು ಹೇಳಲು ನಿಜ ಗೊತ್ತಿರಬೇಕು. ಅದು ಮಾಡುವ ಕೆಲಸ ಹೀಗಿದೆ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ” ಎಂದು ನಾನು ನಿಲ್ಲಿಸಿದರೆ ನೀವು “ಮಲ್ಲಿಗೆ ಹೂವು” ಎಂದು ಮುಗಿಸುತ್ತೀರಿ. ಯಾರ ಜುಟ್ಟು, ಮಲ್ಲಿಗೆ ಎಲ್ಲಿಂದ ಬಂತು ಎಂದು ವಿಚಾರಿಸುವುದಿಲ್ಲ, ಸಾವಿರ ಸಲ ಕೇಳಿದ ಜಾಡು ನಾಲಿಗೆಯನ್ನು ಎಳೆದೊಯ್ಯುತ್ತದೆ. ಭಾಷಾ ಮಾದರಿ ಎನ್ನುವ ಈ ಯಂತ್ರಗಳು ಅಪಾರ ಬರಹ ಓದಿ, ಇಲ್ಲಿಯವರೆಗಿನ ಮಾತಿಗೆ ಮುಂದಿನ ತುಣುಕು ಯಾವುದು ಹೊಂದೀತು ಎಂದು ಲೆಕ್ಕ ಹಾಕುತ್ತವೆ. ತೆರಿಗೆ ಉತ್ತರದಲ್ಲಿ ಈ ಜಾಗಕ್ಕೆ ಒಂದು ತೀರ್ಪು ಬರುವುದು ರೂಢಿ, ಹಾಗಾಗಿ ತೀರ್ಪಿನ ಆಕಾರದ ಒಂದು ಸಾಲು ಬಂತು. ಬಹಳ ಸಲ ಆ ಸಾಲು ನಿಜವೂ ಆಗಿರುತ್ತದೆ, ಅದೇ ಅಪಾಯ. ಹುಡುಕಿ ತಾಳೆ ನೋಡುವ ಹೊಸ ಸೌಲಭ್ಯಗಳು ಬಂದು ಇಂಥ ತಪ್ಪು ಕಡಿಮೆಯಾಗುತ್ತಿದೆ, ಪೂರ್ತಿ ಹೋಗಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟಾಗ ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ದಂಡ ಬಿದ್ದದ್ದು ವಕೀಲರಿಗೆ. ಯಂತ್ರಕ್ಕೆ ದಂಡ ಹಾಕಲು ಬರುವುದಿಲ್ಲ.

ಸಹಿ ಎಂಬುದರ ತೂಕ ಇಲ್ಲಿದೆ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಪ್ರಕರಣ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ತನ್ನ ಕೆಲಸಕ್ಕೆ ತಾನೇ ಹೊಣೆ ಎಂಬರ್ಥದ ವಾದವನ್ನು ಸಂಸ್ಥೆ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿ, ಸಂಸ್ಥೆಯೇ ಹಣ ಕೊಡಬೇಕು ಎಂದಿತು. ಅಂದರೆ ಯಂತ್ರ ಎಷ್ಟೇ ಬರೆಯಲಿ, ‘ಇದಕ್ಕೆ ನಾನು ಹೊಣೆ’ ಎನ್ನಲು ಕೊನೆಗೊಬ್ಬ ಬೇಕು. ಗಿರಾಕಿ ನನಗೆ ದುಡ್ಡು ಕೊಡುವುದು ರಿಟರ್ನ್ ತುಂಬಿದ್ದಕ್ಕೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ತಪ್ಪಾದರೆ ಅಧಿಕಾರಿಯ ಮುಂದೆ ಹೋಗಿ ನಿಲ್ಲುವವನು ಒಬ್ಬನಿದ್ದಾನೆ ಎಂಬ ನೆಮ್ಮದಿಗೆ ಅವನು ಕೊಡುತ್ತಿದ್ದ. ಎಂಜಿನಿಯರ್, ವೈದ್ಯ, ಗ್ರಾಮ ಲೆಕ್ಕಿಗ, ಎಲ್ಲರ ಸಹಿಗೂ ಇದೇ ಬೆಲೆ.

ಎಕ್ಸ್‌ರೇ, ಸ್ಕ್ಯಾನ್ ಚಿತ್ರ ಓದುವ ರೇಡಿಯಾಲಜಿಯ ಕತೆಯೂ ಇದಕ್ಕೆ ಹತ್ತಿರದ್ದು. ಮುಂದೆ 2024ರಲ್ಲಿ ನೊಬೆಲ್ ಪಡೆದ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ, ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದಿದ್ದರು. ಚಿತ್ರ ಓದುವುದರಲ್ಲಿ ಯಂತ್ರ ನಿಜವಾಗಿಯೂ ಬಹಳ ಮುಂದೆ ಹೋಯಿತು. ರೇಡಿಯಾಲಜಿಸ್ಟ್‌ಗಳ ಬೇಡಿಕೆ ಮಾತ್ರ ಇಳಿಯಲಿಲ್ಲ. ಚಿತ್ರ ಓದುವುದು ಅವರ ಕಂತೆಯ ಒಂದು ಕಡ್ಡಿ.

ಇನ್ನೊಂದು ಬಗೆಯ ಕೌಶಲವಿದೆ. ಅದಕ್ಕೆ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ. ಕಂಡದ್ದನ್ನು ಹೇಳಿಬಿಡುತ್ತೇನೆ.

ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಒಂದು ಹಳ್ಳಿ. ನನ್ನ ಪರಿಚಯದ ಹುಡುಗನೊಬ್ಬ ಅಲ್ಲಿ ಬ್ಯಾಂಕಿನ ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು ಪಿಂಚಣಿ, ಕೂಲಿ ಹಣ ಬಿಡಿಸಿಕೊಡುತ್ತಾನೆ. ಒಂದು ಮಧ್ಯಾಹ್ನ ಅವನ ಅಂಗಡಿಯಲ್ಲಿ ಕೂತಿದ್ದೆ. ಮುದುಕಿಯೊಬ್ಬಳು ಸಂಧ್ಯಾ ಸುರಕ್ಷಾ ಹಣಕ್ಕೆ ಬಂದಳು, ಜೊತೆಗೆ ಮೊಮ್ಮಗ, ಹದಿನೆಂಟು ಇಪ್ಪತ್ತರವನು. ಅವಳ ಬೆರಳು ಯಂತ್ರಕ್ಕೆ ಹತ್ತಲಿಲ್ಲ. ಹತ್ತಿ ಬಿಡಿಸಿ ಬಿಡಿಸಿ ಗೆರೆ ಸವೆದಿದ್ದವು. “ಆಯಿ, ಜರಾ ಕೈ ತೊಳ್ಕೊಂಡ್ ಬಾ” ಎಂದ. ತೊಳೆದು ಬಂದಳು, ಒರೆಸಿ ಇಟ್ಟಳು, ಇಲ್ಲ. ಬೇರೆ ಬೆರಳು ಇಡಿಸಿದ. ಹಸಿರು ದೀಪ ಬಂತು, ನಾನು ನೋಡಿದೆ. ಅಷ್ಟರಲ್ಲಿ ಮೊಮ್ಮಗ ಬಾಗಿಲಿಂದ ಒಳಗೆ ಬಂದು ಕೈ ಚಾಚಿದ. ಮುದುಕಿ ಏನೂ ಅನ್ನಲಿಲ್ಲ. ಸೆರಗು ಮಾತ್ರ ಬಿಗಿಯಾಗಿ ಎಳೆದುಕೊಂಡಳು. ಹುಡುಗ ಪರದೆ ನೋಡುತ್ತಲೇ, “ಸರ್ವರ್ ಹೋಯ್ತು ನೋಡಾಯಿ, ಇವತ್ತ ಆಗಂಗಿಲ್ಲ. ನಾಳೆ ಮುಂಜಾನೆ ಬಾ, ಒಬ್ಬಾಕೀನೇ ಬಾ” ಎಂದು ಕಳಿಸಿದ.

ಅವರು ಹೋದ ಮೇಲೆ, “ಸರ್ವರ್ ನಡೀಲತ್ತಿತ್ತಲ್ಲೋ?” ಎಂದೆ. “ಹೋದ ತಿಂಗಳ ರೊಕ್ಕ ಆಕಿ ಕೈಗೆ ಹತ್ತಿಲ್ಲರೀ ಅಣ್ಣಾ” ಎಂದಷ್ಟೇ ಹೇಳಿ ಮುಂದಿನವರನ್ನು ಕರೆದ.

ಅವನು ಮಾಡಿದ್ದು ನಿಯಮದ ಪ್ರಕಾರ ಸರಿಯೋ ಎಂದು ಕೇಳಿದರೆ ಸರಿಯಲ್ಲ. ಹಣ ಅವಳದು, ಬೆರಳು ಹತ್ತಿದೆ, ಕೊಡಬೇಕಿತ್ತು. ಆದರೆ ಅಲ್ಲಿ ಏನು ನಡೆಯಿತು ನೋಡಿ. ಸೆರಗು ಎಳೆದುಕೊಂಡದ್ದನ್ನು ಕಂಡ. ಹೋದ ತಿಂಗಳು ನೆನಪಿಟ್ಟಿದ್ದ. ಊರಲ್ಲಿ ಆ ಮೊಮ್ಮಗನ ಬಗ್ಗೆ ಏನು ಮಾತಿದೆ ಎಂದು ಗೊತ್ತಿತ್ತು. ಅವಳಿಗೆ ಮುಖಭಂಗವಾಗದಂತೆ, ಅವನಿಗೆ ಅನುಮಾನ ಬಾರದಂತೆ ತಪ್ಪನ್ನು ಸರ್ವರ್ ಮೇಲೆ ಹಾಕಿದ. ಎರಡು ಸೆಕೆಂಡಿನ ಕೆಲಸ. ಕ್ಯಾಮೆರಾ ಇಟ್ಟು ಮುಖಭಾವ ಓದುವ ಯಂತ್ರ ಮುಂದೊಂದು ದಿನ ಸೆರಗನ್ನೂ ಗಮನಿಸಬಹುದು. ಆದರೂ ಹಾಗೆ ಸುಳ್ಳು ಹೇಳಲು ಅದಕ್ಕೆ ನಾವು ಪರವಾನಗಿ ಕೊಡುತ್ತೇವೆಯೇ? ನಾನಂತೂ ಕೊಡಲಾರೆ. ಇವತ್ತು ಮುದುಕಿಯನ್ನು ಕಾಯಲು ಸರ್ವರ್ ಇಲ್ಲ ಎನ್ನುವ ಯಂತ್ರ ನಾಳೆ ಇನ್ಯಾರದೋ ಲಾಭಕ್ಕೆ ಹಾಗೆ ಎಂದರೆ? ಆ ಹುಡುಗನಿಗೆ ಊರು ಆ ಸಲಿಗೆ ಕೊಟ್ಟಿದೆ, ಏಕೆಂದರೆ ಅವನು ನಾಳೆಯೂ ಅದೇ ಓಣಿಯಲ್ಲಿ ಓಡಾಡಬೇಕು. ಕೆಲವು ಕೆಲಸ ಮನುಷ್ಯನ ಬಳಿ ಉಳಿಯುವುದು ಯಂತ್ರಕ್ಕೆ ಬಾರದೆ ಅಲ್ಲ, ಅದರ ಕೈಗೆ ಕೊಡಲು ನಮಗೇ ಮನಸ್ಸಿಲ್ಲದೆ.

ಭಾಷೆಯ ವಿಷಯದಲ್ಲಿ ನಮ್ಮವರು ಸ್ವಲ್ಪ ಹೆಚ್ಚೇ ನಿಶ್ಚಿಂತರಾಗಿದ್ದಾರೆ. ‘ನಮ್ಮ ಕಲಬುರಗಿ ಮಾತು ಯಂತ್ರಕ್ಕ ತಿಳೀದಿಲ್ಲ ಬಿಡ್ರಿ’ ಎನ್ನುತ್ತಾರೆ. ಕನ್ನಡ, ದಖನಿ ಉರ್ದು, ಅತ್ತ ಬೀದರ್ ಕಡೆ ಮರಾಠಿ, ಇತ್ತ ಸೇಡಂ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಒಂದೇ ವಾಕ್ಯದಲ್ಲಿ ಮೂರು ಕಲೆಸುವವರು ನಾವು. ಆಸ್ಪತ್ರೆಯಲ್ಲಿ “ಎದಿ ಧಸಕ್ಕಂತದ್ರಿ” ಎಂದರೆ ಹೃದಯದ ತೊಂದರೆಯೂ ಇರಬಹುದು, ಮಗ ಮುಂಬೈಯಿಂದ ಫೋನ್ ಹಚ್ಚಿಲ್ಲ ಎಂಬ ದಿಗಿಲೂ ಇರಬಹುದು. ಮಾತನ್ನು ಯಂತ್ರ ಕಲಿಯುತ್ತದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಿಂದ ಅದೇ ದಾರಿಯಲ್ಲಿದೆ, ಹಾಗೆ ಕಲಿತರೆ ನಮ್ಮ ಮಂದಿಗೆ ಒಳ್ಳೆಯದೇ. ಆ ಎರಡರಲ್ಲಿ ಯಾವುದು ಎಂದು ತಿಳಿಯಲು “ಊಟ ಮಾಡಿದೇನವ್ವಾ? ಮನ್ಯಾಗ ಯಾರ್ ಯಾರ್ ಅದಾರ?” ಎಂದು ಬೇರೆಲ್ಲಿಂದಲೋ ಮಾತು ಎತ್ತುವ ನರ್ಸಮ್ಮನ ಜಾಣ್ಮೆ ಶಬ್ದಕೋಶದ್ದಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಈ ಎಲ್ಲ ಕೌಶಲಗಳೂ ಬೇಸರದ ಕೆಲಸ ಮಾಡುತ್ತಾ ಮಾಡುತ್ತಾ ಬಂದಂಥವು. ನಾನು ಮೊದಲ ಎರಡು ವರ್ಷ ಬರೀ ಬಿಲ್ಲು ಬರೆದೆ. ಕೈ ನೋಯುತ್ತಿತ್ತು. ಆದರೆ ಆ ನೋವಿನ ಜೊತೆಗೇ, ಇನ್ನೂರು ಕ್ವಿಂಟಲ್ ತೊಗರಿ ಸಾಗಿಸಿದೆ ಎನ್ನುವವನು ಬಾರದಾನ (ಖಾಲಿ ಚೀಲ) ಎಷ್ಟು ಕೊಂಡಿದ್ದಾನೆ ಎಂದು ಕಣ್ಣು ತಾನಾಗಿ ಹುಡುಕುವುದನ್ನು ಕಲಿಯಿತು. ಚೀಲದ ಲೆಕ್ಕ ಕೂಡದಿದ್ದರೆ ಎಲ್ಲೋ ಬಿಲ್ಲು ಮಾತ್ರ ಓಡಾಡಿದೆ, ಮಾಲು ಓಡಾಡಿಲ್ಲ. ಈಗ ಬಿಲ್ಲಿನ ಫೋಟೊ ತೆಗೆದರೆ ಸಾಫ್ಟ್‌ವೇರ್ ತಾನೇ ಓದಿ ತುಂಬುತ್ತದೆ. ಎರಡೂ ಬಿಲ್ಲನ್ನು ಸರಿಯಾಗಿ ಓದುತ್ತದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡು ಎಂದರೆ ಅದನ್ನೂ ನೋಡೀತು, ಆದರೆ ಹಾಗೆ ಹೇಳಬೇಕು ಎಂದು ಯಾರಿಗಾದರೂ ಹೊಳೆಯಬೇಕಲ್ಲ. ಬಿಲ್ಲು ಬರೆಯದೇ ಬೆಳೆದ ಹುಡುಗನಿಗೆ ಅದು ಎಲ್ಲಿಂದ ಹೊಳೆಯಬೇಕು? ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಯಂತ್ರ ತೆಗೆದುಕೊಂಡಿದೆ. ಮೇಲಿನ ಮೆಟ್ಟಿಲು ಮನುಷ್ಯನಿಗೇ ಎನ್ನುತ್ತಿದ್ದೇವೆ, ಹತ್ತುವ ದಾರಿ ತೋರಿಸುತ್ತಿಲ್ಲ.

ಇದಕ್ಕೆ ನನ್ನ ಬಳಿ ದೊಡ್ಡ ಪರಿಹಾರವಿಲ್ಲ. ಚಿಕ್ಕದೊಂದು ಮಾಡಿದ್ದೇನೆ. ಹೊಸದಾಗಿ ಸೇರಿದ ಹುಡುಗನನ್ನು ಜನವರಿಯಲ್ಲಿ ಒಂದು ವಾರ ಗಂಜ್‌ಗೆ ಕಳಿಸಿದೆ. ಖರೀದಿದಾರರ ಹಿಂದೆ ಸುಮ್ಮನೆ ನಿಲ್ಲು, ಅವರು ಕೈ ಹಾಕಿದ ಚೀಲಕ್ಕೆ ನೀನೂ ಹಾಕು ಎಂದೆ. ಮುಖ ಊದಿಸಿಕೊಂಡ. “ಸರ್, ಬಿ.ಕಾಂ. ಮಾಡೀನ್ರಿ ನಾ. ಕಾಳ ಕಡೀಲಿಕ್ಕ ಬಂದೀನೇನ್ರಿ?” ಎಂದ. ಹೋಗಿ ಬಂದ. ಬಂದ ಮೇಲೂ ಅದೇನು ಉಪಯೋಗವಾಯಿತೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಏಪ್ರಿಲ್ ತಿಂಗಳ ಬಿಲ್ಲುಗಳು ಮೇ 2ಕ್ಕೆ ಬಂದವು. ಸಾಫ್ಟ್‌ವೇರ್ ಎಲ್ಲವನ್ನೂ ಓದಿ, ತುಂಬಿ, ಮೊತ್ತ ತಾಳೆ ಮಾಡಿ ಹಸಿರು ಗುರುತು ಹಾಕಿತ್ತು. ಹುಡುಗ ಅದರಲ್ಲೊಂದನ್ನು ಪ್ರಿಂಟ್ ತೆಗೆದುಕೊಂಡು ಬಂದು ನನ್ನ ಮುಂದಿಟ್ಟ. ತೊಗರಿ ಖರೀದಿಯ ಬಿಲ್ಲು, ಹಸಿ ಇದೆಯೆಂದು ತೂಕದಲ್ಲಿ ಕಡಿತ ಮಾಡಿದ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಕಿಟಕಿಗೆ ಕಟ್ಟಿದ ಲಾವಂಚದ ಪರದೆಗೆ ಬೆಳಿಗ್ಗೆಯಿಂದ ಮೂರು ಸಲ ನೀರು ಹೊಡೆದಿದ್ದೆವು.

“ಸರ್, ಜನವರ್‍ಯಾಗ ಒಣಗಿದ್ದ ತೊಗರಿ ಏಪ್ರಿಲ್‌ದಾಗ ಹೆಂಗ ಹಸಿ ಆಗತದ್ರಿ?” ಎಂದ.

ನಾನು ಬಿಲ್ಲು ತಿರುಗಿಸಿ ನೋಡುವಷ್ಟರಲ್ಲಿ ಅವನೇ ಆ ಅಂಗಡಿಗೆ ಫೋನ್ ಹಚ್ಚಿದ್ದ.